ಬೇಸ್ ಗಿಟಾರಿಗೆ ಬಾಯಿ ಬಂದ ವರ್ಷ

ಲಂಡನ್ನಿನ ‘ದ ಹೂ’ ತಂಡದ ‘ಮೈ ಜನರೇಷನ್’ ಹಾಡು ಹೊರಬಂದದ್ದು 1965ರ ಅಕ್ಟೋಬರ್ ಕೊನೆಯಲ್ಲಿ. ಹಾಡಿನ ನಡುವೆ, ರೂಢಿಯಂತೆ ಗಿಟಾರ್ ಸೋಲೋ ಬರಬೇಕಾದ ಜಾಗದಲ್ಲಿ, ಬೇಸ್ ಗಿಟಾರ್ ಮುಂದೆ ಬಂದು ಗಡಗಡನೆ ಮಾತಾಡಿ ಹಿಂದೆ ಸರಿಯುತ್ತದೆ. ನುಡಿಸಿದವನು ಜಾನ್ ಎಂಟ್‌ವಿಸಲ್. ಆಗ ಅವನಿಗೆ 21 ವರ್ಷ. ಅಲ್ಲಿಯವರೆಗೆ ರಾಕ್ ತಂಡದಲ್ಲಿ ಬೇಸ್ ನುಡಿಸುವವನೆಂದರೆ ಮದುವೆಮನೆಯಲ್ಲಿ ಹಿಂದೆ ನಿಂತು ಬಡಿಸುವವನ ಹಾಗೆ. ಅವನಿಲ್ಲದೆ ಊಟ ಸಾಗದು, ಆದರೆ ಫೋಟೋದಲ್ಲಿ ಅವನಿರುವುದಿಲ್ಲ. ಈ ಹಾಡಿನಲ್ಲಿ ಮಾತ್ರ ಅವನು ಫೋಟೋದ ಮಧ್ಯಕ್ಕೇ ಬಂದ.

ಎಂಟ್‌ವಿಸಲ್‌ನ ಶಬ್ದವನ್ನು ತಮ್ಮ ಕೋಣೆಯಲ್ಲಿ ಮತ್ತೆ ಹುಟ್ಟಿಸಲು ಹೊರಡುವವರು ಜಗತ್ತಿನಾದ್ಯಂತ ಇದ್ದಾರೆ. ಅವರಲ್ಲಿ ಪುಣೆಯ ಅಪಾರ್ಟ್‌ಮೆಂಟೊಂದರಲ್ಲಿ ಕೂತು, ವಾರಾಂತ್ಯದಲ್ಲಿ ಬೇಸ್ ಹಿಡಿಯುವ ನಾನೂ ಒಬ್ಬ. ಹೀಗೆ ಹೊರಟವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ಹೊಳೆಯುವ ಸ್ಟೀಲ್ ತಂತಿ ಹಾಕು, ಜೋರಾಗಿ ಮೀಟು. ಎಂಟ್‌ವಿಸಲ್‌ನ ಮುಂದಿನ ವರ್ಷಗಳ ಮಟ್ಟಿಗೆ ಅದು ಒಳ್ಳೆಯ ಸಲಹೆ. ಆದರೆ ‘ಮೈ ಜನರೇಷನ್’ ಮಟ್ಟಿಗೆ ಅಲ್ಲ. ಆ ರೆಕಾರ್ಡಿನಲ್ಲಿ ಆ ತಂತಿ ಇಲ್ಲವೇ ಇಲ್ಲ. ಅದನ್ನು ಅವನು ಬಯಸಿದ್ದ, ಹುಡುಕಿದ್ದ, ಅದಕ್ಕಾಗಿ ಕೈಯಿಂದ ದುಡ್ಡೂ ಕಳೆದುಕೊಂಡಿದ್ದ. ಸಿಕ್ಕಿದ್ದು ಮಾತ್ರ ಮರುವರ್ಷ. ಈ ಒಂದು ವರ್ಷದ ಅಂತರದಲ್ಲಿ ಬೇಸ್ ಗಿಟಾರಿನ ಇತಿಹಾಸದ ದೊಡ್ಡ ತಿರುವು ಅಡಗಿದೆ ಎಂಬುದೇ ನಾನು ಹೇಳಹೊರಟ ಮಾತು.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಲಿಯೋ ಫೆಂಡರ್ 1951ರಲ್ಲಿ ‘ಪ್ರಿಸಿಷನ್ ಬೇಸ್’ ಎಂಬ ವಾದ್ಯವನ್ನು ಮಾರುಕಟ್ಟೆಗೆ ತಂದ. ಲೆಕ್ಕಪತ್ರ ಓದಿದ್ದ ಅವನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆದರೆ ವಾದ್ಯಗಾರರ ಕಷ್ಟ ಅವನಿಗೆ ಗೊತ್ತಿತ್ತು. ಆಗಿನ ಡಬಲ್ ಬೇಸ್ ಆಳೆತ್ತರದ ವಾದ್ಯ. ಅದನ್ನು ಕಾರಿನಲ್ಲಿ ಸಾಗಿಸುವುದೇ ಒಂದು ಸಾಹಸ, ಸಾಗಿಸಿದರೂ ಡ್ರಮ್ಮು ಕಹಳೆಗಳ ನಡುವೆ ಅದರ ದನಿ ಕೇಳುತ್ತಿರಲಿಲ್ಲ. ಫೆಂಡರ್ ಅದನ್ನು ಕೊರಳಿಗೆ ನೇತುಹಾಕಿಕೊಳ್ಳುವಷ್ಟು ಚಿಕ್ಕದು ಮಾಡಿದ, ತಂತಿಯ ಉದ್ದವನ್ನು 34 ಇಂಚಿಗೆ ಇಳಿಸಿದ, ಪಿಕಪ್ ಹಾಕಿ ಆಂಪ್ಲಿಫೈಯರಿಗೆ ಜೋಡಿಸಿದ. ಫ್ರೆಟ್ ಇದ್ದುದರಿಂದ ಸ್ವರ ಕರಾರುವಾಕ್ಕಾಗಿ ಬೀಳುತ್ತಿತ್ತು. ‘ಪ್ರಿಸಿಷನ್’ ಎಂಬ ಹೆಸರು ಬಂದದ್ದು ಅದಕ್ಕೇ. ಅವನಿಗೂ ಮೊದಲು, 1930ರ ದಶಕದಲ್ಲಿ, ಸಿಯಾಟಲ್‌ನ ಪಾಲ್ ಟುಟ್‌ಮಾರ್ಕ್ ಇಂಥದೇ ವಾದ್ಯ ಮಾಡಿದ್ದ. ಆದರೆ ಊರೂರಿಗೆ ಹರಡಿದ್ದು ಫೆಂಡರನದು.

ವಾದ್ಯ ಹೊಸದಾಯಿತು, ತಂತಿ ಮಾತ್ರ ಹಳೆಯ ದನಿಯನ್ನೇ ಹೊತ್ತು ತಂದಿತು. ಇದು ಅರ್ಥವಾಗಬೇಕಾದರೆ ಬೇಸ್ ತಂತಿಯ ಒಳಗನ್ನು ನೋಡಬೇಕು. ದಪ್ಪ ಸ್ವರ ಬೇಕೆಂದರೆ ತಂತಿ ಭಾರವಾಗಿರಬೇಕು. ಹಾಗೆಂದು ಸುಮ್ಮನೆ ದಪ್ಪ ಕಂಬಿ ಹಾಕಿದರೆ ಅದು ಸಲಾಕೆಯ ಹಾಗೆ ಗಡುಸಾಗಿ, ಹಾರ್ಮೋನಿಕ್‌ಗಳೆಲ್ಲ ಶ್ರುತಿ ತಪ್ಪುತ್ತವೆ. ಅದಕ್ಕಾಗಿ ಒಳಗೆ ತೆಳ್ಳನೆಯ ಉಕ್ಕಿನ ಎಳೆ ಇಟ್ಟು, ಅದರ ಮೇಲೆ ಇನ್ನೊಂದು ತಂತಿಯನ್ನು ಒತ್ತೊತ್ತಾಗಿ ಸುತ್ತುತ್ತಾರೆ. ಭಾರ ಬರುತ್ತದೆ, ಗಡುಸು ಬರುವುದಿಲ್ಲ. ಪಿಯಾನೋದ ಕೆಳಗಿನ ಸ್ವರಗಳ ತಂತಿಯೂ ಹೀಗೆಯೇ, ಉಕ್ಕಿನ ಎಳೆಗೆ ತಾಮ್ರದ ಸುತ್ತು.

ಆ ಹೊರಸುತ್ತಿನ ಆಕಾರದಲ್ಲೇ ಇಡೀ ವ್ಯತ್ಯಾಸ ಇರುವುದು. ಚಪ್ಪಟೆ ಪಟ್ಟಿಯನ್ನು ಸುತ್ತಿದರೆ ಮೈ ನುಣುಪಾಗಿರುತ್ತದೆ. ಇದು ಫ್ಲಾಟ್‌ವೌಂಡ್. ಬೆರಳು ಜಾರುತ್ತದೆ, ಕಿರಕಿರ ಇಲ್ಲ, ಫ್ರೆಟ್ ಸವೆಯುವುದಿಲ್ಲ. ಆದರೆ ಅಕ್ಕಪಕ್ಕದ ಸುತ್ತುಗಳು ಒಂದನ್ನೊಂದು ಒತ್ತಿಕೊಂಡು ಕೂತಿರುವುದರಿಂದ ಮೇಲಿನ ಹಾರ್ಮೋನಿಕ್‌ಗಳು ಬೇಗ ಸಾಯುತ್ತವೆ. ಕೇಳುವುದು ‘ಧುಂ’ ಎಂಬ ದುಂಡನೆಯ ಸದ್ದು. ದುಂಡು ತಂತಿಯನ್ನೇ ಸುತ್ತಿದರೆ ಮೈ ತರಿತರಿಯಾಗಿರುತ್ತದೆ. ಇದು ರೌಂಡ್‌ವೌಂಡ್. ಬೆರಳಿಗೆ ಒರಟು, ಫ್ರೆಟ್ಟಿಗೆ ಶತ್ರು. ಆದರೆ ಸ್ವರಗಳು ಝಣ್ ಎಂದು ಎದ್ದು, ತುಂಬ ಹೊತ್ತು ನಿಲ್ಲುತ್ತವೆ. ತಂಬೂರಿಗೆ ಜೀವ ಕೂರಿಸುವಾಗ ದಾರವನ್ನು ಕೂದಲೆಳೆಯಷ್ಟು ಸರಿಸುತ್ತಿದ್ದ ಹಾಗೆ ಸತ್ತ ಸ್ವರ ತಟ್ಟನೆ ಅರಳುತ್ತದಲ್ಲ, ಹೆಚ್ಚೂಕಡಿಮೆ ಅಂಥ ವ್ಯತ್ಯಾಸ.

1950ರ ದಶಕದಲ್ಲಿ ಬೇಸ್ ಗಿಟಾರಿಗೆ ಬರುತ್ತಿದ್ದದ್ದು ಬಹುಮಟ್ಟಿಗೆ ಫ್ಲಾಟ್‌ವೌಂಡ್. ಕೊಳ್ಳುವವರು ಡಬಲ್ ಬೇಸಿನಿಂದ ಬಂದವರು. ಅವರಿಗೆ ಬೇಕಾಗಿದ್ದದ್ದು ಅದೇ ‘ಧುಂ’. ಅದರಲ್ಲಿ ಕೊರತೆಯೇನೂ ಇರಲಿಲ್ಲ ಎಂಬುದಕ್ಕೆ ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದ ಜೇಮ್ಸ್ ಜೇಮರ್ಸನ್ ಸಾಕ್ಷಿ. ಅವನ ಬಳಿ 1962ರ ಪ್ರಿಸಿಷನ್ ಬೇಸ್ ಇತ್ತು. ಅದಕ್ಕೆ ಲಾ ಬೆಲ್ಲಾ ಕಂಪನಿಯ ದಪ್ಪ ಫ್ಲಾಟ್‌ವೌಂಡ್ ತಂತಿ, ತೆಳ್ಳನೆಯದು ಇಂಚಿನ ಸಾವಿರದಲ್ಲಿ 52 ಪಾಲು, ದಪ್ಪನೆಯದು 110. ಬ್ರಿಜ್‌ನ ಮುಚ್ಚಳದಡಿ ಒಂದು ತುಂಡು ಫೋಮ್. ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದ. ತಂತಿಯನ್ನು ತುಂಡಾಗುವವರೆಗೆ ಬದಲಾಯಿಸುತ್ತಿರಲಿಲ್ಲ. ಅರವತ್ತರ ದಶಕದ ಮೋಟೌನ್ ಹಾಡುಗಳಲ್ಲಿ ಎದೆಗೆ ತಾಗುವ ಆ ನಡೆ ಹುಟ್ಟಿದ್ದು ಬೆವರು, ಕೊಳೆ ಕೂತ ಆ ಹಳೆಯ ತಂತಿಯಲ್ಲಿ.

ಆದರೆ ಅವನ ಹೆಸರು ರೆಕಾರ್ಡಿನ ಮೇಲೆ ಇರುತ್ತಿರಲಿಲ್ಲ. ಮೋಟೌನ್ ತನ್ನ ಆಲ್ಬಮ್ಮೊಂದರ ಮೇಲೆ ಅವನ ಹೆಸರು ಅಚ್ಚು ಹಾಕಿದ್ದು 1971ರಲ್ಲಿ, ಮಾರ್ವಿನ್ ಗೇಯ ‘ವಾಟ್ಸ್ ಗೋಯಿಂಗ್ ಆನ್’ ಬಂದಾಗ. ಹತ್ತು ವರ್ಷ ಜಗತ್ತು ಅವನಿಗೆ ಕುಣಿದಿತ್ತು, ಯಾರಿಗೆ ಕುಣಿಯುತ್ತಿದ್ದೇವೆಂದು ತಿಳಿಯದೆ. ಜೇಮರ್ಸನ್ 1983ರಲ್ಲಿ, 47ನೇ ವಯಸ್ಸಿಗೆ ತೀರಿಕೊಂಡ. ಅದಕ್ಕೆ ಸ್ವಲ್ಪ ಮೊದಲು ಅವನ ಆ ಬೇಸ್ ಕೂಡ ಕಳುವಾಗಿತ್ತು.

ಬೇಸ್ ನುಡಿಸುವವನು ಕಾಣದೆ ಹೋಗುವುದಕ್ಕೆ ಕಂಪನಿಗಳ ಧೋರಣೆಯ ಜೊತೆಗೆ ಭೌತಶಾಸ್ತ್ರದ ಕಾರಣವೂ ಒಂದಿದೆ. ಬೇಸಿನ ಅತ್ಯಂತ ದಪ್ಪ ತಂತಿಯ ಮೂಲಸ್ವರ ಸೆಕೆಂಡಿಗೆ ಸುಮಾರು 41 ಕಂಪನ. ಅರವತ್ತರ ದಶಕದ ಅಂಗೈಯಗಲದ ಟ್ರಾನ್ಸಿಸ್ಟರ್ ರೇಡಿಯೋದ ಸ್ಪೀಕರಿಗೆ ಅದನ್ನು ಹೊರಡಿಸುವ ಶಕ್ತಿಯೇ ಇರಲಿಲ್ಲ. ಇಂದಿನ ಮೊಬೈಲಿಗೂ ಇಲ್ಲ. ಅಲ್ಲಿ ಕೇಳುವುದೇನಿದ್ದರೂ 82, 123, 165 ಎಂದು ಮೇಲೇರುವ ಹಾರ್ಮೋನಿಕ್‌ಗಳಲ್ಲಿ ಮೇಲಿನವು ಮಾತ್ರ. ಅವು ಸಾಕಷ್ಟು ಇದ್ದರೆ ನಮ್ಮ ಕಿವಿ ಲೆಕ್ಕ ಹಾಕಿ, ಇಲ್ಲದ ಮೂಲಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಅವೂ ಇಲ್ಲದಿದ್ದರೆ ಬೇಸ್ ಎಂಬುದೇ ಹಾಡಿನಿಂದ ಮಾಯ.

ನಮ್ಮ ಮನೆಯಲ್ಲೇ ಇದರ ಪ್ರಾತ್ಯಕ್ಷಿಕೆ ನಡೆಯುತ್ತದೆ. ನಾನು ಅಭ್ಯಾಸ ಮಾಡಿದ ಹಾಡನ್ನು ಮಗ ತನ್ನ ಫೋನಿನಲ್ಲಿ ಹಾಕಿ, “ಅಪ್ಪಾ, ಇದರಲ್ಲಿ ನೀನು ನುಡಿಸೋದು ಎಲ್ಲಿದೆ?” ಎಂದು ಕೇಳುತ್ತಾನೆ. ಅದೇ ಸಂಜೆ ಲಿಫ್ಟಿನಲ್ಲಿ ಸಿಕ್ಕ ಕೆಳಗಿನ ಮನೆಯ ಕಾಕು, ಮೇಲೆ ಕಪಾಟು ಸರಿಸುತ್ತಿದ್ದೀರಾ ಎಂದು ವಿಚಾರಿಸುತ್ತಾರೆ. ಇಬ್ಬರದೂ ನಿಜವೇ. ಗೋಡೆ, ತಾರಸಿಗಳು ಕೆಳಗಿನ ಕಂಪನಗಳನ್ನು ಬಿಟ್ಟು ಮೇಲಿನವನ್ನು ತಡೆಯುತ್ತವೆ. ಫೋನು ಮೇಲಿನವನ್ನು ಕೊಟ್ಟು ಕೆಳಗಿನವನ್ನು ನುಂಗುತ್ತದೆ. ಕಾಕುವಿಗೆ ಸದ್ದು ಹೋಗುತ್ತದೆ, ಸ್ವರ ಹೋಗುವುದಿಲ್ಲ. ಮಗನಿಗೆ ಹೋಗಬೇಕಾದ ಪಾಲನ್ನು ನನ್ನ ಹಳೆಯ ತಂತಿ ಹುಟ್ಟಿಸುತ್ತಲೇ ಇರಲಿಲ್ಲ.

ಲಂಡನ್ನಿನ ಎಂಟ್‌ವಿಸಲ್‌ಗೆ ಬೇಕಾಗಿದ್ದದ್ದು ಈ ಮೇಲಿನ ಪಾಲು. ಅವನು ಚಿಕ್ಕಂದಿನಲ್ಲಿ ಪಿಯಾನೋ ಕಲಿತವನು, ಆಮೇಲೆ ಟ್ರಂಪೆಟ್, ಫ್ರೆಂಚ್ ಹಾರ್ನ್. ಶಾಲೆ ಮುಗಿಸಿ ತೆರಿಗೆ ಇಲಾಖೆಯಲ್ಲಿ ಗುಮಾಸ್ತನಾಗಿದ್ದವನು. ದ ಹೂ ತಂಡದಲ್ಲಿ ವಾದ್ಯದವರು ಮೂವರೇ. ಪೀಟ್ ಟೌನ್‌ಶೆಂಡ್ ಗಿಟಾರಿನಲ್ಲಿ ಸೂಕ್ಷ್ಮ ಕುಸುರಿಗಿಂತ ಅಬ್ಬರದ ಸ್ವರಗುಚ್ಛ ಬಾರಿಸುತ್ತಿದ್ದ. ಕೀತ್ ಮೂನ್ ತಾಳ ಹಿಡಿಯುವ ಬದಲು ಇಡೀ ಹಾಡಿನುದ್ದಕ್ಕೂ ಡ್ರಮ್ಮುಗಳ ಮೇಲೆ ಓಡಾಡುತ್ತಿದ್ದ. ಇವರ ನಡುವೆ ರಾಗದ ಎಳೆಯನ್ನು ಹಿಡಿಯಲು ಉಳಿದದ್ದು ಬೇಸ್ ಒಂದೇ. ಮೊದಲು ಅವನು ಆಂಪ್ಲಿಫೈಯರ್ ದೊಡ್ಡದು ಮಾಡಿದ. ಲಂಡನ್ನಿನ ಜಿಮ್ ಮಾರ್ಷಲ್ ಅಂಗಡಿಯಿಂದ ಅವನು ಒಂದು ದೊಡ್ಡ ಸ್ಪೀಕರ್ ಪೆಟ್ಟಿಗೆ ತಂದರೆ, ಟೌನ್‌ಶೆಂಡ್ ಅದಕ್ಕಿಂತ ದೊಡ್ಡದನ್ನು ತರುವನು. ಆದರೆ ಸದ್ದು ಏರಿದರೆ ‘ಧುಂ’ ಇನ್ನೂ ದೊಡ್ಡ ‘ಧುಂ’ ಆಗುತ್ತದೆ, ಅಷ್ಟೆ. ಮಾತು ಬರುವುದಿಲ್ಲ.

ಆಗ ಅವನ ಕಣ್ಣಿಗೆ ಬಿದ್ದದ್ದು ಅಮೆರಿಕದ ಡ್ಯಾನ್‌ಎಲೆಕ್ಟ್ರೋ ಕಂಪನಿಯ ಬೇಸ್. ಅಗ್ಗದ ವಾದ್ಯ, ಆದರೆ ಅದಕ್ಕೆ ಹಾಕಿ ಬರುತ್ತಿದ್ದ ತೆಳ್ಳನೆಯ ತಂತಿಗಳು ಝಣಝಣ ಅನ್ನುತ್ತಿದ್ದವು. ತೊಂದರೆಯೆಂದರೆ ಅವು ಬೇಗ ತುಂಡಾಗುತ್ತಿದ್ದವು, ಬಿಡಿಯಾಗಿ ಇಂಗ್ಲೆಂಡಿನಲ್ಲಿ ಸಿಗುತ್ತಿರಲಿಲ್ಲ. ‘ಮೈ ಜನರೇಷನ್’ ಧ್ವನಿಮುದ್ರಣದ ದಿನಗಳಲ್ಲಿ ತಂತಿ ತುಂಡಾಯಿತೆಂದು ಅವನು ಇನ್ನೊಂದು ಗಿಟಾರನ್ನೇ ಕೊಂಡ. ಅದರದ್ದೂ ತುಂಡಾಯಿತು. ಮೂರನೆಯದನ್ನು ಕೊಂಡ. ತಂತಿಗಾಗಿ ಮೂರು ಗಿಟಾರ್! ಕೊನೆಗೆ ಅಂಗಡಿಯಲ್ಲಿ ಆ ಗಿಟಾರೂ ಮುಗಿದಾಗ ಅವನು ಬೇಸತ್ತು ಫೆಂಡರ್ ಜಾಝ್ ಬೇಸ್ ತೆಗೆದುಕೊಂಡು, ಅದಕ್ಕೆ ಲಾ ಬೆಲ್ಲಾ ತಂತಿ ಹಾಕಿ ಸೋಲೋ ನುಡಿಸಿ ಮುಗಿಸಿದ. ಇದನ್ನು ಎಂಟ್‌ವಿಸಲ್ ಮುಂದೆ ಸಂದರ್ಶನಗಳಲ್ಲಿ ನಗುತ್ತಲೇ ಹೇಳಿಕೊಂಡಿದ್ದಾನೆ. ಹಾಗಾಗಿ ನಾವು ಕೇಳುವ ಆ ಪ್ರಸಿದ್ಧ ಸೋಲೋ ಅವನ ಎರಡನೆಯ ಆಯ್ಕೆ. ನುಣುಪು ತಂತಿಯಿಂದ ಬೆರಳಿನ ಬಲದ ಮೇಲೆ ಮಾತು ಹೊರಡಿಸಿದ್ದು. ಅದರ ಬಿರುಸು ನನಗೆ ಇಷ್ಟವಾಗುವುದೂ ಈ ಕಾರಣಕ್ಕೇ.

ಎಂಟ್‌ವಿಸಲ್‌ಗೆ ಬೇಕಾದ ತಂತಿ ಕೊಟ್ಟವನು ಜೇಮ್ಸ್ ಹೌ ಎಂಬ ಇಂಗ್ಲಿಷ್ ಎಂಜಿನಿಯರ್. 1949ರ ‘ದ ಥರ್ಡ್ ಮ್ಯಾನ್’ ಸಿನಿಮಾದ ಉದ್ದಕ್ಕೂ ಝಿತಾರ್ ಎಂಬ ಬಹುತಂತಿ ವಾದ್ಯದ ಸಂಗೀತವಿದೆ. ಅದಕ್ಕೆ ಮರುಳಾದ ಹೌ ಝಿತಾರ್‌ಗೆ ತಂತಿ ತಯಾರಿಸಲು ಶುರುಮಾಡಿ, ತಂತಿ ಸುತ್ತುವ ಯಂತ್ರಗಳನ್ನು ತಾನೇ ಕಟ್ಟಿಕೊಂಡ. ಆ ಕಸುಬೇ ಬೆಳೆದು ರೋಟೋಸೌಂಡ್ ಆಯಿತು. 1966ರಲ್ಲಿ ಎಂಟ್‌ವಿಸಲ್ ಬೇಸ್ ಹಿಡಿದು ಅವನ ಕಾರ್ಖಾನೆಗೆ ಹೋದ. ತೆಳ್ಳನೆಯ ಎರಡು ತಂತಿ ಚೆನ್ನಾಗಿವೆ, ದಪ್ಪನೆಯ ಎರಡು ಸರಿಯಾಗಿ ಕಂಪಿಸುವುದಿಲ್ಲ ಎಂಬುದು ಅವನ ದೂರು. ಬೇಕಾದದ್ದು ಪಿಯಾನೋದಂಥ ನಾದ. ಕಾರ್ಖಾನೆಯವರು ಸುತ್ತಿಕೊಡುವುದು, ಅವನು ಅಲ್ಲೇ ಬಿಗಿದು ನುಡಿಸಿ ನೋಡುವುದು, ಮತ್ತೆ ಸುತ್ತುವುದು. ಹೊರಗಿನ ಸುತ್ತನ್ನು ಎಷ್ಟು ಬದಲಿಸಿದರೂ ಆಗದೆ, ಕೊನೆಗೆ ತೊಂದರೆ ಒಳಗಿನ ಎಳೆಯಲ್ಲಿದೆ ಎಂದು ಗೊತ್ತಾಯಿತು. ಎಳೆ ಸರಿಹೋದ ಮೇಲೆ ನಾಲ್ಕೂ ತಂತಿ ಒಂದೇ ಮನೆಯ ಮಕ್ಕಳ ಹಾಗೆ ಮಾತಾಡಿದವು. ಹೀಗೆ ಹುಟ್ಟಿದ್ದು ರೋಟೋಸೌಂಡಿನ ‘ಸ್ವಿಂಗ್ ಬೇಸ್’.

ನನ್ನ ಕೆಲಸ ಪ್ರಾಜೆಕ್ಟ್ ಮ್ಯಾನೇಜರನದು. ಬಳಸುವವನು ಮತ್ತು ತಯಾರಿಸುವವನು ಒಂದೇ ಮೇಜಿನ ಎದುರು ಕೂತು, ಒಂದೊಂದೇ ಅಂಶ ಬದಲಿಸುತ್ತ, ಕಾಣುವ ತೊಂದರೆಯ ಹಿಂದಿರುವ ಕಾಣದ ಕಾರಣಕ್ಕೆ ತಲುಪುವುದು ಎಷ್ಟು ಅಪರೂಪವೆಂದು ದಿನವೂ ನೋಡುತ್ತೇನೆ. ಹೌನ ಕಾರ್ಖಾನೆಯಲ್ಲಿ ನಡೆದದ್ದು ಅದು. ರೌಂಡ್‌ವೌಂಡ್ ಎಂಬ ವಿಚಾರ ಅಲ್ಲಿ ಹುಟ್ಟಿದ್ದಲ್ಲ. ಡ್ಯಾನ್‌ಎಲೆಕ್ಟ್ರೋ ಬೇಸಿನಲ್ಲಿ ಆಗಲೇ ಇತ್ತು. ದೊಡ್ಡ ಬೇಸಿಗೆ, ಜೋರಾಗಿ ಮೀಟುವ ಕೈಗೆ, ಯಾರು ಬೇಕಾದರೂ ಅಂಗಡಿಯಲ್ಲಿ ಕೇಳಿ ಕೊಳ್ಳುವಂತೆ ಅದು ಸಿದ್ಧವಾದದ್ದು ಅಲ್ಲಿ.

ಅದೇ 1966ರಲ್ಲಿ ಲಂಡನ್ನಿನ ಇನ್ನೊಂದು ಮೂಲೆಯಲ್ಲೂ ಇದೇ ಹಸಿವಿತ್ತು. ಅಮೆರಿಕದ ಸೋಲ್ ರೆಕಾರ್ಡುಗಳಲ್ಲಿ ಕೇಳುವಷ್ಟು ಬೇಸ್ ತಮ್ಮ ರೆಕಾರ್ಡಿನಲ್ಲಿ ಯಾಕಿಲ್ಲ ಎಂದು ಬೀಟಲ್ಸ್ ಕೇಳುತ್ತಿದ್ದರು. ಸೂಜಿ ಗೆರೆಯಿಂದ ಹಾರೀತೆಂಬ ಭಯಕ್ಕೆ ರೆಕಾರ್ಡ್ ಕೆತ್ತುವವರು ಬೇಸನ್ನು ತಗ್ಗಿಸುತ್ತಿದ್ದ ಕಾಲ ಅದು. ‘ಪೇಪರ್‌ಬ್ಯಾಕ್ ರೈಟರ್’ ಹಾಡಿಗೆ ಪಾಲ್ ಮೆಕಾರ್ಟ್ನಿ ರಿಕನ್‌ಬ್ಯಾಕರ್ ಬೇಸ್ ಹಿಡಿದ. ಎಂಜಿನಿಯರ್ ಜೆಫ್ ಎಮರಿಕ್ ಒಂದು ದೊಡ್ಡ ಸ್ಪೀಕರನ್ನೇ ಉಲ್ಟಾ ಬಳಸಿ, ಬೇಸ್ ಆಂಪ್ಲಿಫೈಯರಿನ ಎದುರು ಮೈಕ್ ಆಗಿಸಿದ. ಅದು ಸ್ಟುಡಿಯೋ ಇದ್ದವರ ದಾರಿ. ತಂತಿಯದು ಯಾರೂ ಹಿಡಿಯಬಹುದಾದ ದಾರಿ.

ಹಾಗೆ ಹಿಡಿದವರಲ್ಲಿ ಹೆಸರಾದವನು ‘ಯೆಸ್’ ತಂಡದ ಕ್ರಿಸ್ ಸ್ಕ್ವಾಯರ್. 1965ರಲ್ಲಿ ಲಂಡನ್ನಿನ ಬೂಸಿ ಆ್ಯಂಡ್ ಹಾಕ್ಸ್ ವಾದ್ಯದಂಗಡಿಯಲ್ಲಿ ಕೆಲಸಕ್ಕಿದ್ದಾಗ, ನೌಕರರ ರಿಯಾಯಿತಿಯಲ್ಲಿ ಅವನು ಒಂದು ರಿಕನ್‌ಬ್ಯಾಕರ್ ಕೊಂಡ. ತಂತಿಯುದ್ದ 33¼ ಇಂಚು, ಮೇಪಲ್ ಮರ. ಅದಕ್ಕೆ ರೋಟೋಸೌಂಡ್ ತಂತಿ ಹಾಕಿ ಪ್ಲೆಕ್ಟ್ರಮ್‌ನಿಂದ ಮೀಟುತ್ತಿದ್ದ. ಎರಡು ಪಿಕಪ್‌ಗಳ ಸಿಗ್ನಲನ್ನು ಬೇರೆಬೇರೆ ದಾರಿಗೆ ಹಾಯಿಸಿ, ಒಂದನ್ನು ದುಂಡಗೂ ಇನ್ನೊಂದನ್ನು ಕರಕರವಾಗಿಯೂ ಇಡುತ್ತಿದ್ದ. 1971ರ ‘ಫ್ರಜೈಲ್’ ಆಲ್ಬಮ್ಮಿನ ‘ರೌಂಡಬೌಟ್’ ಹಾಡು ಕೇಳಿ. ಬೇಸ್ ಅಲ್ಲಿ ಲೋಹದ ನಾಲಿಗೆಯಿಂದ ಮಾತಾಡುತ್ತದೆ. ಸ್ಕ್ವಾಯರ್ ತನ್ನ ಬೇಸಿನ ಬಣ್ಣವನ್ನು ಎಷ್ಟು ಸಲ ಕೆರೆಸಿ ಬದಲಿಸಿದ್ದನೆಂದರೆ ಅದರ ಮರವೇ ತೆಳುವಾಗಿತ್ತು. ಅದೇ ಮಾದರಿ ಕೊಂಡವನ ಕೈಗೂ ಅದೇ ಮರ ಬರುವುದಿಲ್ಲ. ತಂತಿ ಬರುತ್ತದೆ.

ಇನ್ನು ನನ್ನ ಕೋಣೆಯ ವಿಚಾರ. ಊರು ಬಿಡುತ್ತಿದ್ದ ವಿದ್ಯಾರ್ಥಿಯೊಬ್ಬನಿಂದ ಕೊಂಡ, ಪ್ರಿಸಿಷನ್ ಮಾದರಿಯ ಒಂದು ಸಾಧಾರಣ ಬೇಸ್ ನನ್ನದು. ಅದೇ ವಾದ್ಯ, ಅದೇ ಪುಟ್ಟ ಆಂಪ್ಲಿಫೈಯರ್, ಅದೇ ಎಂಟು ಮಾತ್ರೆಯ ಸಾಲು. ಒಂದು ವಾರ 52-110ರ ಫ್ಲಾಟ್‌ವೌಂಡ್, ಬ್ರಿಜ್‌ನಡಿ ಪಾತ್ರೆ ತೊಳೆಯುವ ಸ್ಪಂಜಿನ ತುಂಡು, ತೋರುಬೆರಳೊಂದೇ. ಇನ್ನೊಂದು ವಾರ 45-105ರ ಸ್ಟೀಲ್ ರೌಂಡ್‌ವೌಂಡ್, ಸ್ಪಂಜಿಲ್ಲ, ಬ್ರಿಜ್‌ಗೆ ಹತ್ತಿರ ಬಿರುಸಾಗಿ ಮೀಟುವುದು. ಎರಡನ್ನೂ ರೆಕಾರ್ಡ್ ಮಾಡಿ ಮಗನ ಫೋನಿನಲ್ಲೇ ಹಾಕಿದೆ. ಮೊದಲನೆಯದರಲ್ಲಿ ತಾಳ ತಟ್ಟಿದ ಹಾಗೆ ಏನೋ ಇತ್ತು. ಎರಡನೆಯದರಲ್ಲಿ ಅವನು ಸಾಲನ್ನು ಗುನುಗಿದ. ಹೆಡ್‌ಫೋನ್ ಹಾಕಿ ಕೇಳಿದಾಗ ಮೊದಲನೆಯದೇ ಅವನಿಗೆ ಹಿಡಿಸಿತು. ಅದು ಎದೆಯಲ್ಲಿ ಬಡಿಯುತ್ತದಂತೆ. ಎರಡರಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ ಅರ್ಥವಿಲ್ಲ. ಒಂದು ಡೆಟ್ರಾಯಿಟ್, ಒಂದು ಲಂಡನ್.

ನೀವೂ ಹೀಗೆ ಹೊರಡುವವರಾದರೆ, ‘ಯಾವ ವಾದ್ಯ’ ಎಂದು ಕೇಳುವ ಮೊದಲು ‘ಯಾವ ವರ್ಷ’ ಎಂದು ಕೇಳಿಕೊಳ್ಳಿ. ‘ಮೈ ಜನರೇಷನ್’ ಬೇಕೋ? ಅದು 1965, ನುಣುಪು ತಂತಿ, ಬಿರುಸು ಬೆರಳು. 1970ರ ಫೆಬ್ರುವರಿ 14ರಂದು ಲೀಡ್ಸ್ ವಿಶ್ವವಿದ್ಯಾಲಯದ ಊಟದ ಹಾಲ್‌ನಲ್ಲಿ ಮುದ್ರಿಸಿದ ‘ಲೈವ್ ಅಟ್ ಲೀಡ್ಸ್’ ಬೇಕೋ? ಅದಕ್ಕೆ ಹೌನ ತಂತಿ ಬೇಕು. ರೌಂಡ್‌ವೌಂಡಿನ ಹೊಳಪು ಹೆಚ್ಚು ದಿನ ಬಾಳುವುದಿಲ್ಲ ಎಂಬುದೂ ನೆನಪಿರಲಿ. ಬೆವರು, ಚರ್ಮದ ಚೂರು ಆ ತರಿಗಳ ಸಂದಿಗೆ ಸೇರಿ ಕೆಲವೇ ವಾರಗಳಲ್ಲಿ ದನಿ ಮಂಕಾಗುತ್ತದೆ. ತಂತಿಯನ್ನು ನೀರಿನಲ್ಲಿ ಕುದಿಸಿ ಒರೆಸಿದರೆ ಸ್ವಲ್ಪ ದಿನ ಜೀವ ಬರುತ್ತದೆ. ಬೇಸ್ ನುಡಿಸುವವರೆಲ್ಲ ಬಲ್ಲ ಈ ಉಪಾಯಕ್ಕೆ ಸಾರಿನ ಪಾತ್ರೆ ಸಿಗುವುದಿಲ್ಲ ಎಂದು ನಮ್ಮ ಮನೆಯಲ್ಲಿ ತೀರ್ಪಾಗಿದೆ. ನಿಮ್ಮಲ್ಲಿ ಮೊದಲೇ ಕೇಳಿಕೊಳ್ಳಿ.

ಜೇಮರ್ಸನ್‌ನ ಬೇಸ್ ಕಳುವಾಯಿತು. ಎಂಟ್‌ವಿಸಲ್ 2002ರ ಜೂನ್ 27ರಂದು ತೀರಿಕೊಂಡ. ಸ್ಕ್ವಾಯರ್ ಕೂಡ ಅದೇ ತಾರೀಖು, 2015ರಲ್ಲಿ. ಅವರ ಕೈಗಳು ಯಾರಿಗೂ ಸಿಗವು. ತಂತಿಗಳು ಮಾತ್ರ ಪುಣೆಯಲ್ಲೋ ಚೆನ್ನೈಯಲ್ಲೋ ಕೂತವನ ಮನೆಬಾಗಿಲಿಗೂ ಬರುತ್ತವೆ. ಜೇಮರ್ಸನ್‌ನ ಅಳತೆಯ ಸೆಟ್ಟನ್ನು ಲಾ ಬೆಲ್ಲಾ ಈಗ ಅವನ ಹೆಸರಿನಲ್ಲೇ ಮಾರುತ್ತದೆ. ರೆಕಾರ್ಡಿನ ಮೇಲೆ ಬರದ ಹೆಸರು ತಂತಿಯ ಪೊಟ್ಟಣದ ಮೇಲಾದರೂ ಬಂತು. ರೋಟೋಸೌಂಡಿನ ಪೊಟ್ಟಣದ ಮೇಲೆ ‘ಸ್ವಿಂಗ್ ಬೇಸ್ 66’ ಎಂದಿರುತ್ತದೆ. ಅಂಗಡಿಯಲ್ಲಿ ಕೊಳ್ಳುವ ಹುಡುಗರು ಅದನ್ನು ತಂತಿಯ ದಪ್ಪದ ಅಳತೆ ಅಂದುಕೊಳ್ಳುವುದುಂಟು. ಅದು ಅಳತೆಯಲ್ಲ, ವರ್ಷ.